ಅಲೆಯಿಲ್ಲದ ಜಾಗವೇ ಮೋಸದ ಜಾಗ: ಕಾವಲಿಲ್ಲದ ಕಡಲತೀರಕ್ಕೆ ಮಕ್ಕಳೊಂದಿಗೆ ಹೊರಟವರಿಗೆ

ಪ್ರಶ್ನೆ: ನಾವು ದಾವಣಗೆರೆಯವರು. ಕ್ರಿಸ್‌ಮಸ್ ರಜೆಗೆ ಎರಡು ಕುಟುಂಬ ಸೇರಿ ಒಟ್ಟು ಒಂಬತ್ತು ಜನ, ಕುಮಟಾ ಮತ್ತು ಹೊನ್ನಾವರದ ನಡುವಿನ ಒಂದು ಸಣ್ಣ ಮೀನುಗಾರರ ಊರಿನಲ್ಲಿ ಮೂರು ದಿನ ಹೋಂಸ್ಟೇ ಹಿಡಿದಿದ್ದೇವೆ. ಮನೆಯ ಹಿಂದೆಯೇ ಕಡಲು. ಜನಜಂಗುಳಿ ಇಲ್ಲ, ಅಂಗಡಿ ಇಲ್ಲ, ಲೈಫ್‌ಗಾರ್ಡ್ ಕೂಡ ಇಲ್ಲ. ಕಾಲೇಜಿಗೆ ಹೋಗುವ ಮಗ ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾನೆ. ಆರು ಮತ್ತು ಹನ್ನೊಂದು ವರ್ಷದ ಹುಡುಗಿಯರಿದ್ದಾರೆ, ನಮ್ಮ ಅತ್ತೆಗೆ 68 ವರ್ಷ. ಮುರ್ಡೇಶ್ವರದಲ್ಲಿ ಶಾಲೆಯ ಹುಡುಗಿಯರು ತೀರಿಕೊಂಡ ಸುದ್ದಿ ಓದಿದ ಮೇಲೆ ನನಗೆ ಧೈರ್ಯವಿಲ್ಲ. ‘ಅಲೆ ಜೋರಿಲ್ಲದ ಕಡೆ ನೋಡಿಕೊಂಡು ಮೊಣಕಾಲುದ್ದ ನೀರಿನಲ್ಲಿ ಆಡಿದರೆ ಏನಾಗುತ್ತೆ, ಟ್ಯೂಬ್ ಬೇರೆ ಇರುತ್ತೆ’ ಅನ್ನುತ್ತಾರೆ ನಮ್ಮ ಯಜಮಾನರು. ಇಳಿತದ ಹೊತ್ತಿನಲ್ಲಿ ಮಾತ್ರ ಸಮುದ್ರ ಎಳೆಯುತ್ತದೆ ಎನ್ನುವವರೂ ಇದ್ದಾರೆ. ನಾವು ಹೋಗಬಹುದೇ? ಹೋದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಹೋಗಬಹುದು. ಮರಳಿನಲ್ಲಿ ಆಡುವುದು, ನಡೆಯುವುದು, ಸಂಜೆ ಕೂತು ಹೊತ್ತು ಮುಳುಗುವುದನ್ನು ನೋಡುವುದು, ಇದಕ್ಕೆಲ್ಲ ಅಂಥ ತೀರ ಬಹಳ ಚೆನ್ನ. ಆದರೆ ಮಕ್ಕಳನ್ನು ನೀರಿಗೆ ಇಳಿಸುವ ಕೆಲಸವನ್ನು ಲೈಫ್‌ಗಾರ್ಡ್ ಇರುವ ಬೇರೆ ತೀರಕ್ಕೆ ಇಟ್ಟುಕೊಳ್ಳಿ. ಕಾರಣವನ್ನು ನಿಮ್ಮ ಯಜಮಾನರ ಮಾತಿನಿಂದಲೇ ಶುರುಮಾಡಬೇಕು. ‘ಅಲೆ ಜೋರಿಲ್ಲದ ಕಡೆ ಇಳಿಯೋಣ’ ಎನ್ನುವ ಈ ಒಂದು ಲೆಕ್ಕಾಚಾರದಿಂದಲೇ ಒಳನಾಡಿನಿಂದ ಬಂದವರು ನೇರವಾಗಿ ಅಪಾಯದ ಬಾಯಿಗೆ ಹೋಗಿ ನಿಲ್ಲುತ್ತಾರೆ.

ಪ್ರತಿ ಅಲೆಯೂ ದಡದ ಬುಡಕ್ಕೆ ನೀರು ತಂದು ಸುರಿಯುತ್ತದೆ. ಸುರಿದ ನೀರು ವಾಪಸು ಹೋಗಲೇಬೇಕು. ಮರಳಿನ ತೀರಗಳಲ್ಲಿ ದಡದಿಂದ ಸ್ವಲ್ಪ ಆಚೆ, ನೀರಿನಡಿಯಲ್ಲಿ, ಮರಳಿನ ದಿಬ್ಬ ಉದ್ದಕ್ಕೆ ಮಲಗಿರುತ್ತದೆ. ಅಲೆಗಳು ಬೆಳ್ಳಗೆ ಒಡೆಯುವುದು ಈ ದಿಬ್ಬದ ಮೇಲೆ, ಏಕೆಂದರೆ ಅಲ್ಲಿ ಆಳ ಕಡಿಮೆ. ದಿಬ್ಬದಲ್ಲಿ ಅಲ್ಲಲ್ಲಿ ಸಂದು ಬಿದ್ದಿರುತ್ತದೆ. ಗದ್ದೆಯ ಬದು ಒಡೆದ ಕಡೆಯಿಂದ ನೀರೆಲ್ಲ ನುಗ್ಗಿ ಹೋಗುವ ಹಾಗೆ, ದಡದಲ್ಲಿ ತುಂಬಿದ ನೀರು ಆ ಸಂದಿನಿಂದ ಕಡಲಿಗೆ ಓಡುತ್ತದೆ. ಸಂದಿನಲ್ಲಿ ಆಳ ಹೆಚ್ಚು, ಹಾಗಾಗಿ ಅಲ್ಲಿ ಅಲೆ ಒಡೆಯುವುದಿಲ್ಲ. ಎರಡೂ ಬದಿಗೆ ಬಿಳಿ ನೊರೆ, ನಡುವೆ ಒಂದಿಷ್ಟು ಅಗಲ ತಣ್ಣಗೆ, ತುಸು ಕಪ್ಪಾಗಿ ಕಾಣುವ ನೀರು. ದಡದಲ್ಲಿ ನಿಂತವರಿಗೆ ಅದು ಮಕ್ಕಳಾಡಲು ಹೇಳಿ ಮಾಡಿಸಿದ ಜಾಗದಂತೆ ಕಾಣುತ್ತದೆ. ಊರಿನವರು ಸೆಳೆತ, ಸೆಳವು ಎನ್ನುವುದು, ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಎನ್ನುವುದು ಇದನ್ನೇ. ಸಾಮಾನ್ಯ ದಿನಗಳಲ್ಲಿ ಇದರ ವೇಗ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು. ಜೋರಾದಾಗ 2 ಮೀಟರ್ ದಾಟುತ್ತದೆ, ಅದರ ಎದುರಿಗೆ ಒಲಿಂಪಿಕ್ಸ್ ಈಜುಗಾರನೂ ಮುಂದೆ ಸಾಗಲಾರ.

ಸೆಳೆತ ಕೆಳಕ್ಕೆ ಎಳೆಯುತ್ತದೆ, ಸುಳಿಯಲ್ಲಿ ಸುತ್ತಿ ಮುಳುಗಿಸುತ್ತದೆ ಎನ್ನುವ ನಂಬಿಕೆ ತಪ್ಪು. ಅದು ನೀರಿನ ಮೇಲ್ಮೈಯಲ್ಲೇ ಹೊರಗೆ, ಕಡಲ ಕಡೆಗೆ ಒಯ್ಯುತ್ತದೆ. ಮುಳುಗುವುದು ಗಾಬರಿಯಿಂದ ದಡದ ಕಡೆಗೆ ನೇರ ಈಜಲು ಹೋಗಿ ದಣಿದವರು. ಈ ವ್ಯತ್ಯಾಸ ತಿಳಿದಿದ್ದರೆ ಸಿಕ್ಕಿಬಿದ್ದಾಗ ಏನು ಮಾಡಬೇಕೆಂಬುದೂ ತಿಳಿಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಡಿಸೆಂಬರಿನಲ್ಲಿ ಕಡಲು ಶಾಂತ ಎನ್ನುವುದು ಮುಕ್ಕಾಲು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಬ್ಬರ ಈಗ ಇರುವುದಿಲ್ಲ, ಅಲೆಯ ಎತ್ತರ ಹೆಚ್ಚಿನ ದಿನ ಒಂದು ಮೀಟರಿನೊಳಗೇ ಇರುತ್ತದೆ. ಆದರೆ ಮಳೆಗಾಲದಲ್ಲಿ ಕೊರೆದುಹೋದ ಮರಳು ಅಕ್ಟೋಬರಿನಿಂದ ನಿಧಾನವಾಗಿ ದಡಕ್ಕೆ ಮರಳುತ್ತಿರುತ್ತದೆ. ಆ ತಿಂಗಳುಗಳಲ್ಲಿ ದಿಬ್ಬ, ಸಂದು, ಹೊಂಡ ಎಲ್ಲವೂ ಜಾಗ ಬದಲಿಸುತ್ತಲೇ ಇರುತ್ತವೆ. ಹೋದ ವರ್ಷ ಇಲ್ಲಿ ಆಡಿದ್ದೆವು ಎನ್ನುವ ನೆನಪು ಈ ವರ್ಷ ಉಪಯೋಗಕ್ಕೆ ಬಾರದು. ಜೊತೆಗೆ ಚಳಿಗಾಲದಲ್ಲಿ ಅರೇಬಿಯಾದ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಅಲೆಗಳು ನಮ್ಮ ಪಶ್ಚಿಮ ಕರಾವಳಿಗೂ ತಲುಪುತ್ತವೆ. ಇಲ್ಲಿ ಗಾಳಿಯಿಲ್ಲ, ಆಕಾಶ ಸ್ವಚ್ಛ, ಆದರೂ ಕಡಲು ಎದ್ದಿರುತ್ತದೆ. ದಕ್ಷಿಣ ಹಿಂದೂ ಮಹಾಸಾಗರದಿಂದ ಬರುವ ಇಂಥದೇ ಉಬ್ಬಲೆಗಳಿಗೆ ಕೇರಳದವರು ಕಳ್ಳಕ್ಕಡಲ್ ಎನ್ನುತ್ತಾರೆ. ಅದರ ಕಾಟ ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. 2024ರ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಅಂಥ ಅಲೆಗಳ ಎಚ್ಚರಿಕೆ ಜಾರಿಯಲ್ಲಿದ್ದಾಗ. ಈ ಎಚ್ಚರಿಕೆಗಳನ್ನು ಕೊಡುವುದು ಹೈದರಾಬಾದಿನಲ್ಲಿರುವ, ಕಡಲ ಮುನ್ಸೂಚನೆ ನೀಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ. ಹೊರಡುವ ಹಿಂದಿನ ಸಂಜೆ ಅದರ ಜಾಲತಾಣದಲ್ಲಿ ಉತ್ತರ ಕನ್ನಡದ ಮುನ್ಸೂಚನೆ ನೋಡಿ. ಎತ್ತರ ಒಂದನ್ನೇ ಓದಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಓದಿ. ಆ ಅಂತರ 12–14 ಸೆಕೆಂಡ್ ದಾಟಿದ್ದರೆ ಎತ್ತರ ಕಡಿಮೆಯಿದ್ದರೂ ಅಲೆಯಲ್ಲಿ ತಳ್ಳುವ ಬಲ ಹೆಚ್ಚು, ದಡದ ಮೇಲೆ ಬಹಳ ದೂರ ಏರುತ್ತದೆ.

ಇನ್ನು ಇಳಿತದ ಮಾತು. ಇಳಿತದಲ್ಲಿ ಸೆಳೆತ ಹೆಚ್ಚು ಎನ್ನುವುದು ನಿಜ. ನೀರು ತಗ್ಗಿದಂತೆ ದಿಬ್ಬಗಳು ಮೇಲೆದ್ದು, ನೀರು ಹೊರಹೋಗಲು ಸಂದುಗಳಷ್ಟೇ ಉಳಿಯುತ್ತವೆ. ‘ಇಳಿತದಲ್ಲಿ ಮಾತ್ರ’ ಎನ್ನುವುದು ಸುಳ್ಳು, ಉಬ್ಬರದಲ್ಲೂ ಸೆಳೆತ ಇರುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹತ್ತಿರ ಏರಿಳಿತದ ಅಂತರ ಹೆಚ್ಚು. ಆ ದಿನಗಳಲ್ಲಿ ಈ ಭಾಗದಲ್ಲಿ ಉಬ್ಬರದ ತುದಿ ಸಾಮಾನ್ಯವಾಗಿ ನಡುಹಗಲಿನ ಆಸುಪಾಸು ಬೀಳುವುದರಿಂದ ಮಧ್ಯಾಹ್ನದಿಂದ ಸಂಜೆಯವರೆಗೆ ನೀರು ಇಳಿಯುತ್ತಿರುತ್ತದೆ. ಪ್ರವಾಸಿಗರು ಊಟ ಮುಗಿಸಿ ನೀರಿಗೆ ಇಳಿಯುವುದೂ ಆ ಹೊತ್ತಿಗೇ. ನಿಮ್ಮ ಮೂರು ದಿನಗಳ ಕುಮಟಾ ಅಥವಾ ಕಾರವಾರದ ಉಬ್ಬರದ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಳಿವೆಯ ಬಾಯಿ, ಅಂದರೆ ಶರಾವತಿ, ಅಘನಾಶಿನಿಯಂಥ ನದಿಗಳು, ಸಣ್ಣ ಹೊಳೆಗಳೂ ಸೇರಿದಂತೆ, ಕಡಲು ಸೇರುವ ಜಾಗ, ಯಾವ ಹೊತ್ತಿನಲ್ಲೂ ನಿಮಗಲ್ಲ. ಇಳಿತದಲ್ಲಿ ಇಡೀ ಹಿನ್ನೀರು ಅಲ್ಲಿಂದಲೇ ಹೊರಗೆ ಓಡುತ್ತದೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ಹೊಳೆಯ ಬಾಯನ್ನು ದಾಟಿ ಆಚೆ ದಡಕ್ಕೆ ನಡೆದುಹೋದವರು ಉಬ್ಬರ ಏರಿದ ಮೇಲೆ ಮರಳಲಾರದೆ ನೀರಿಗೆ ಇಳಿದುಬಿಡುತ್ತಾರೆ.

‘ಮೊಣಕಾಲುದ್ದ ನೀರು’ ಎನ್ನುವ ಅಳತೆ ಕಡಲಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಮೊಣಕಾಲು ಎಂದರೆ ಆರು ವರ್ಷದ ಮಗುವಿಗೆ ತೊಡೆಯ ಮೇಲಕ್ಕೆ. ಮುಂದಿನ ಅಲೆ ಬಂದಾಗ ಅದೇ ನೀರು ಮಗುವಿನ ಎದೆ ಮುಟ್ಟುತ್ತದೆ. ಒಂದೇ ಕಡೆ ನಿಂತು ನೋಡಿ: ಅಲೆ ಹಿಂದಕ್ಕೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಕರಗಿ ಜಾರುತ್ತದೆ, ಪಾದ ಹೂತು ದೇಹ ಹಿಂದಕ್ಕೆ ವಾಲುತ್ತದೆ. ಆ ಗಳಿಗೆಯಲ್ಲಿ ಎರಡನೆಯ ಅಲೆ ಬಂದರೆ ದೊಡ್ಡವರೂ ಕೂತುಬಿಡುತ್ತಾರೆ. ಸೀರೆ, ಚೂಡಿದಾರ್, ಜೀನ್ಸ್ ನೆನೆದ ಮೇಲೆ ಕಾಲಿಗೆ ಸುತ್ತಿಕೊಂಡು ಏಳಲು ಬಿಡುವುದಿಲ್ಲ. ಸಣ್ಣ ಅಲೆಗಳ ನಡುವೆ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಏಳನೆಯದೇ ದೊಡ್ಡದು ಎನ್ನುವ ಲೆಕ್ಕಕ್ಕೆ ಆಧಾರವಿಲ್ಲ, ಎಷ್ಟೋ ನಿಮಿಷ ಸುಮ್ಮನಿದ್ದು ನಂತರ ಮೂರು ನಾಲ್ಕು ಒಟ್ಟಿಗೆ ಬರಬಹುದು. ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ. ಬಂಡೆಯ ಮೇಲಂತೂ ಬೇಡವೇ ಬೇಡ. ಕಪ್ಪಗೆ, ಒದ್ದೆಯಾಗಿ ಕಾಣುವ ಕಲ್ಲು ಎಂದರೆ ಅಲ್ಲಿಯವರೆಗೆ ಅಲೆ ಬಂದುಹೋಗಿದೆ, ಪಾಚಿ ಕಟ್ಟಿದೆ ಎಂದರ್ಥ.

ಟ್ಯೂಬನ್ನು ದಯವಿಟ್ಟು ಮನೆಯಲ್ಲೇ ಬಿಡಿ. ಡಿಸೆಂಬರಿನ ಬೆಳಗ್ಗೆ ನೆಲದ ಕಡೆಯಿಂದ ಕಡಲಿಗೆ ತಣ್ಣನೆ ಗಾಳಿ ಬೀಸುತ್ತದೆ, ಹತ್ತು ಹನ್ನೊಂದು ಗಂಟೆಯ ಮೇಲೆ ದಿಕ್ಕು ಬದಲಾಗುತ್ತದೆ. ಬೆಳಗಿನ ಆ ಗಾಳಿಗೆ ದಡದ ನೀರು ಕನ್ನಡಿಯಂತೆ ಸಪಾಟಾಗಿ, ಬಹಳ ಸುರಕ್ಷಿತವಾಗಿ ಕಾಣುತ್ತದೆ. ಟ್ಯೂಬಿನ ಮೇಲೆ ಕೂತ ಮಗುವನ್ನು ಅದೇ ಗಾಳಿ ದೊಡ್ಡವರು ನಡೆದು ಹಿಡಿಯಲಾರದಷ್ಟು ಬೇಗ ಆಚೆ ತಳ್ಳುತ್ತದೆ. ಟ್ಯೂಬ್ ಮಗುಚಿದರೆ ಮಗುವಿನ ಕಾಲು ಮೇಲಾಗಿ ತಲೆ ಕೆಳಗಾಗುತ್ತದೆ. ಲೈಫ್ ಜಾಕೆಟ್ ಬೇರೆ ವಿಷಯ. ಮಗುವಿನ ತೂಕಕ್ಕೆ ಸರಿಯಾದದ್ದು, ಕಾಲ ನಡುವೆ ಹಾಯುವ ಪಟ್ಟಿ ಇರುವುದು ಬೇಕು. ಬಕಲ್ ಎಲ್ಲ ಹಾಕಿ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಮಗುವಿನ ಕಿವಿಯ ತನಕ ಏರಿಬಂದರೆ ಅದು ದೊಡ್ಡದು, ನೀರಿನಲ್ಲಿ ಕಳಚಿಹೋಗುತ್ತದೆ. ಜಾಕೆಟ್ ಹಾಕಿದ ಮಗುವೂ ಕೈಗೆಟಕುವಷ್ಟು ಹತ್ತಿರವೇ ಇರಬೇಕು.

ನಿಮ್ಮ ಮಗನ ಬಗ್ಗೆ ನನಗೆ ಹುಡುಗಿಯರಿಗಿಂತ ಹೆಚ್ಚು ಚಿಂತೆ. ಮಕ್ಕಳನ್ನು ನೀವು ಹಿಡಿದುಕೊಳ್ಳುತ್ತೀರಿ, ಅವನನ್ನು ಹಿಡಿಯುವವರು ಯಾರೂ ಇರುವುದಿಲ್ಲ. ಈಜುಕೊಳದಲ್ಲಿ ತಳ ಕಾಣುತ್ತದೆ, ಗೋಡೆ ಸಿಗುತ್ತದೆ, ನೀರು ಅಲುಗುವುದಿಲ್ಲ. ಕಡಲಿನಲ್ಲಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಅಲೆ ಮುಖಕ್ಕೆ ಬಡಿಯುತ್ತದೆ. ಹೊರಡುವ ಮೊದಲು ಕೊಳದಲ್ಲೇ ಒಂದು ಅಭ್ಯಾಸ ಮಾಡಿಸಿ: ಬಟ್ಟೆ ಸಮೇತ, ಅಂಗಾತ, ಕಿವಿ ನೀರಿನೊಳಗಿಟ್ಟು, ಕೈಗಳನ್ನು ಪಕ್ಕದಲ್ಲಿ ಮೆಲ್ಲಗೆ ಆಡಿಸುತ್ತ ಐದು ನಿಮಿಷ ತೇಲುವುದು. ಸೆಳೆತಕ್ಕೆ ಸಿಕ್ಕರೆ ಮೊದಲು ಮಾಡಬೇಕಾದದ್ದು ಇಷ್ಟೇ, ತೇಲುವುದು ಮತ್ತು ಒಂದು ಕೈ ಎತ್ತಿ ಕೂಗುವುದು. ಅಲೆ ಒಡೆಯುವ ಸಾಲನ್ನು ದಾಟಿದ ಮೇಲೆ ಸೆಳೆತ ಸಾಮಾನ್ಯವಾಗಿ ಸಡಿಲವಾಗುತ್ತದೆ. ಉಸಿರು ಹತೋಟಿಗೆ ಬಂದ ಮೇಲೆ ದಡಕ್ಕೆ ಸಮಾನಾಂತರವಾಗಿ, ಬಿಳಿ ನೊರೆ ಕಾಣುವ ಕಡೆಗೆ ಈಜಬೇಕು. ನೊರೆ ಇರುವಲ್ಲಿ ದಿಬ್ಬವಿದೆ, ಆಳ ಕಡಿಮೆ, ಅಲೆಗಳೇ ದಡಕ್ಕೆ ತಳ್ಳುತ್ತವೆ. ಒಂದು ದಿಕ್ಕಿಗೆ ಸಾಗಲಾಗದಿದ್ದರೆ ತೇಲುತ್ತ ಸುಧಾರಿಸಿಕೊಂಡು ಇನ್ನೊಂದು ದಿಕ್ಕು.

ಅವನು ಅಥವಾ ದೊಡ್ಡವರು ಯಾರಾದರೂ ಇಳಿದೇ ತೀರುತ್ತೇವೆ ಎಂದರೆ ಕನಿಷ್ಠ ಇಷ್ಟು ಮಾಡಿ. ಎತ್ತರದ ಜಾಗದಿಂದ, ಗಾಳಿಮರದ ಸಾಲಿನ ಬುಡದ ಮರಳುದಿನ್ನೆಯಾದರೂ ಸಾಕು, ಇಪ್ಪತ್ತು ನಿಮಿಷ ಕಡಲನ್ನು ನೋಡಿ. ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ, ನೊರೆ ಮತ್ತು ಕಸ ಎಲ್ಲಿ ಕಡಲ ಕಡೆಗೆ ಹೋಗುತ್ತಿದೆ, ಮರಳು ಕಲಸಿದ ಕಂದು ನೀರು ಎಲ್ಲಿ ಹೊರಚಾಚಿದೆ ಗಮನಿಸಿ. ಒಂದು ತೆಂಗಿನ ಚಿಪ್ಪನ್ನೋ ಕಟ್ಟಿಗೆ ತುಂಡನ್ನೋ ಎಸೆದು ಅದು ಯಾವ ಕಡೆ ಹೋಗುತ್ತದೆ ನೋಡಬಹುದು. ಬಂಡೆ, ತಡೆಗೋಡೆಯ ಕಲ್ಲುಗಳ ಪಕ್ಕದಲ್ಲಿ ಸೆಳೆತ ಸದಾ ಇರುತ್ತದೆ ಎಂದೇ ತಿಳಿಯಿರಿ. ಇಳಿದರೂ ಸೊಂಟದ ಕೆಳಗಿನ ನೀರು, ಇಬ್ಬರ ಜೋಡಿ, ಹಗಲು ಮಾತ್ರ, ಕುಡಿದವರು ಯಾರೂ ಇಲ್ಲ. ದಡದಲ್ಲಿ ಒಬ್ಬರು ನೀರಿನಲ್ಲಿರುವವರ ತಲೆ ಎಣಿಸುತ್ತ ನಿಂತಿರಬೇಕು. ಅವರ ಕೈಯಲ್ಲಿ ಮೊಬೈಲ್ ಇರಬಾರದು, ಮಡಿಲಲ್ಲಿ ಮಗು ಇರಬಾರದು, ಹದಿನೈದು ನಿಮಿಷಕ್ಕೊಮ್ಮೆ ಬದಲಾಗಬೇಕು. ಎಲ್ಲರೂ ನೋಡಿಕೊಳ್ಳುತ್ತಿದ್ದೇವೆ ಎಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ಮುಳುಗುವವರು ಸಿನಿಮಾದಲ್ಲಿನಂತೆ ಕೂಗಾಡುವುದೂ ಅಪರೂಪ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಸದ್ದಿಲ್ಲದೆ ಹೋಗಿಬಿಡುತ್ತಾರೆ.

ಊರಿನವರನ್ನು ಕೇಳಿ, ಆದರೆ ಕೇಳುವ ರೀತಿ ಬದಲಿಸಿ. ‘ಇಲ್ಲಿ ಇಳೀಬಹುದಾ?’ ಎಂದರೆ ಅತಿಥಿಯ ಮನಸ್ಸು ನೋಯಿಸಬಾರದೆಂದು ‘ಏನೂ ತೊಂದ್ರೆ ಇಲ್ಲ’ ಎಂದುಬಿಡುತ್ತಾರೆ. ಬಲೆ ಸರಿಮಾಡುತ್ತ ಕೂತ ಹಿರಿಯರನ್ನು ‘ಹೊಂಡ ಎಲ್ಲಿ ಬಿದ್ದಿದೆ? ಸೆಳೆತ ಯಾವ ಕಡೆಗೆ? ಈಚೆಗೆ ಇಲ್ಲಿ ಯಾರಾದರೂ ಹೋಗಿದ್ದಾರಾ? ನಿಮ್ಮ ಮನೆ ಮಕ್ಕಳು ಎಲ್ಲಿ ಆಡ್ತಾರೆ?’ ಎಂದು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಇನ್ನೊಂದು ಮುಖ್ಯ ವಿಷಯ: ದೋಣಿ ಇಳಿಸುವ ಜಾಗ ಸುರಕ್ಷಿತ ಎಂದುಕೊಳ್ಳಬೇಡಿ. ಅಲೆಯ ಹೊಡೆತ ತಪ್ಪಿಸಿ ಬೇಗ ಹೊರಗೆ ಹೋಗಲು ಅನುಕೂಲವೆಂದು ಮೀನುಗಾರರು ಅಲೆ ಒಡೆಯದ ಸಂದನ್ನೇ ಹುಡುಕಿ ದೋಣಿ ಇಳಿಸುವುದುಂಟು. ಅವರಿಗೆ ಅನುಕೂಲವಾದದ್ದು ನಿಮಗೆ ಸೆಳೆತ.

ತೀರಕ್ಕೆ ಹೋಗುವಾಗ ಒಂದು ಹಗ್ಗ ಮತ್ತು ಖಾಲಿ ಕ್ಯಾನ್ ಒಯ್ಯಿರಿ. ಅಡುಗೆ ಎಣ್ಣೆಯ 5 ಲೀಟರಿನ ಕ್ಯಾನ್ ತೊಳೆದು, ತಳಕ್ಕೆ ಒಂದೆರಡು ಲೋಟ ನೀರು ಹಾಕಿ, ಮುಚ್ಚಳ ಬಿಗಿಮಾಡಿ. ಆ ನೀರಿನ ಭಾರ ಇಲ್ಲದಿದ್ದರೆ ಗಾಳಿಗೆ ದೂರ ಹೋಗದು. ಹಿಡಿಗೆ 20–25 ಮೀಟರ್ ಉದ್ದ, 8 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಗ್ಗ ಕಟ್ಟಿ. ಬಲೆಯ ಅಂಗಡಿಯಲ್ಲಿ ‘ಪಿ.ಪಿ. ಹಗ್ಗ’ ಕೇಳಿ, ಅದು ತೇಲುತ್ತದೆ. ನೈಲಾನ್ ಮುಳುಗುತ್ತದೆ. ನೀರಿನಲ್ಲಿರುವ ಮನುಷ್ಯನ ತಲೆ ಮೇಲಿಡಲು ಕೆಲವೇ ಕಿಲೋ ತೇಲುಬಲ ಸಾಕು, ಈ ಕ್ಯಾನ್ ಅಷ್ಟನ್ನು ಕೊಡುತ್ತದೆ. ಯಾರಾದರೂ ಸಿಕ್ಕಿಬಿದ್ದರೆ ಕೂಗಿ ಧೈರ್ಯ ಹೇಳಿ, ಎಸೆಯಿರಿ, ಊರಿನವರನ್ನು ಮತ್ತು ದೋಣಿಯನ್ನು ಕರೆಯಿರಿ. ಹಿಂದೆಯೇ ಹಾರಬೇಡಿ. ಇದನ್ನು ತಂದೆತಾಯಿಗೆ ಹೇಳುವುದು ಸುಲಭದ ಮಾತಲ್ಲ, ಆದರೂ ಹೇಳಲೇಬೇಕು: ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂವರು ಹೋಗುವುದು ಹೀಗೆಯೇ. ಕೈಕೈ ಹಿಡಿದು ಸಾಲಾಗಿ ಇಳಿಯುವುದೂ ಬೇಡ, ಒಂದು ಅಲೆಗೆ ಸಾಲು ಮುರಿಯುತ್ತದೆ. ತುರ್ತು ಕರೆಗೆ 112, ಆಂಬುಲೆನ್ಸಿಗೆ 108, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554. ಮರಳಿನ ಮೇಲೆ ನೆಟ್‌ವರ್ಕ್ ಸಿಗುತ್ತದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಆಂಬುಲೆನ್ಸಿನವರಿಗೆ ಹೇಳಲು ಹತ್ತಿರದ ದೇವಸ್ಥಾನ ಅಥವಾ ಶಾಲೆಯ ಹೆಸರು ಬಾಯಲ್ಲಿರಲಿ.

ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿಯುವುದು, ತಲೆಯ ಮೇಲೆ ಹೊತ್ತು ತಿರುಗಿಸುವುದು ಯಾವುದನ್ನೂ ಮಾಡಬೇಡಿ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಇದ್ದ ಎರಡು ಮೂರು ನಿಮಿಷವೂ ಕಳೆಯುತ್ತದೆ. ಮುಳುಗಿದವರಿಗೆ ಬೇಕಾದದ್ದು ಗಾಳಿ. ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿ ಕೊಟ್ಟು ಎದೆ ಏಳುವಂತೆ ಮೊದಲು ಐದು ಸಲ ಊದಿ. ನಂತರ ಎದೆಯ ನಡುವೆ 30 ಒತ್ತು, 2 ಊದು, ಮತ್ತೆ 30, ಮತ್ತೆ 2. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ದೊಡ್ಡವರಿಗೆ ಆಳ 5–6 ಸೆಂ.ಮೀ., ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ಸಹಾಯ ಬರುವ ತನಕ ನಿಲ್ಲಿಸಬೇಡಿ. ತಾನಾಗಿಯೇ ಎದ್ದು ಕೂತರೂ ಕೆಮ್ಮು, ಏದುಸಿರು ಇದ್ದರೆ ಆಸ್ಪತ್ರೆಗೆ ಒಯ್ದು ಕೆಲವು ಗಂಟೆ ನಿಗಾದಲ್ಲಿ ಇಡಿಸಬೇಕು. ಕುಮಟಾ, ಹೊನ್ನಾವರಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಅದಕ್ಕೂ ಮೀರಿದ ಚಿಕಿತ್ಸೆ ಬೇಕಾದರೆ ಮಣಿಪಾಲವೋ ಹುಬ್ಬಳ್ಳಿಯೋ, ನೂರು ಕಿಲೋಮೀಟರಿಗೂ ಆಚೆ. ಕಾವಲಿಲ್ಲದ ತೀರದಲ್ಲಿ ಇಷ್ಟು ಬಿಗಿಯಾಗಿ ಮಾತಾಡಲು ಆ ದೂರವೂ ಒಂದು ಕಾರಣ.

ಅತ್ತೆಯವರಿಗೆ ಹೆಚ್ಚಿನ ತೊಂದರೆ ಬಿಸಿಲಿನದು, ಕುಡಿಯುವ ನೀರು ಮತ್ತು ನೆರಳು ಒಯ್ದರೆ ಸಾಕು. ತೆಂಗಿನ ಮರದ ಕೆಳಗೆ ಕೂರಿಸಬೇಡಿ, ಕಾಯಿ, ಗರಿ ಬೀಳುತ್ತದೆ. ಬರಿಗಾಲಲ್ಲಿ ನೀರಂಚಿನಲ್ಲಿ ನಡೆಯುವಾಗ ಪಾದವನ್ನು ಎತ್ತಿಡದೆ ಉಜ್ಜುತ್ತ ಸಾಗಿದರೆ ಮರಳಲ್ಲಿ ಹೂತು ಕೂತ ತೊರಕೆ ಮೀನು, ಅಂದರೆ ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು, ತಾನೇ ಸರಿದುಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ಕೈ ತಾಳುವಷ್ಟು ಬಿಸಿ ನೀರಿನಲ್ಲಿ, 40–45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಬಿಸಿಯನ್ನು ನೋಯದ ಕೈಯಿಂದ ಪರೀಕ್ಷಿಸಿ. ಮುರಿದ ಮುಳ್ಳು ಒಳಗುಳಿದಿರಬಹುದು, ವೈದ್ಯರಿಗೆ ತೋರಿಸಿ. ಲೋಳೆಮೀನು, ಅಂದರೆ ಜೆಲ್ಲಿಫಿಶ್, ತಾಗಿದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ, ಸಿಹಿನೀರು ಬೇಡ, ಮರಳಿನಿಂದ ಉಜ್ಜಬೇಡಿ, ಮೂತ್ರ ಹಾಕುವುದಂತೂ ಬರೀ ಮೂಢನಂಬಿಕೆ. ದಡಕ್ಕೆ ಬಿದ್ದ ಬಲೆಯಲ್ಲಿ ಕಡಲ ಹಾವು ಸಿಕ್ಕಿಕೊಂಡಿರುವುದುಂಟು. ಸತ್ತಂತಿದ್ದರೂ ಮುಟ್ಟಬೇಡಿ. ಅದರ ಕಡಿತ ಮೊದಲಿಗೆ ನೋಯುವುದೂ ಇಲ್ಲ, ನಮ್ಮ ಆಸ್ಪತ್ರೆಗಳಲ್ಲಿರುವ ಹಾವಿನ ವಿಷದ ಮದ್ದು ಅದಕ್ಕೆಂದು ಮಾಡಿದ್ದೂ ಅಲ್ಲ.

ನಿಮ್ಮ ಮೂರು ದಿನಗಳಲ್ಲಿ ಒಂದು ಬೆಳಗ್ಗೆಯನ್ನು ಹೊನ್ನಾವರದ ಆಚೆ, ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡಿಗೆ ಇಡಿ. 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಅದು. ಈಜಲು ಗುರುತು ಮಾಡಿದ ಜಾಗವಿದೆ, ಲೈಫ್‌ಗಾರ್ಡ್ ಇರುತ್ತಾರೆ. ಹೋದ ಕೂಡಲೇ ಅವರ ಹತ್ತಿರ ಹೋಗಿ ಮಕ್ಕಳ ವಯಸ್ಸು ಹೇಳಿ, ಎಲ್ಲಿ ಆಡಿಸಲಿ ಎಂದು ಕೇಳಿ. ಅವರು ಬೇಡ ಎಂದರೆ ಬೇಡ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಹೋದದ್ದು ಹೆಸರಾದ, ಜನ ತುಂಬಿದ ತೀರದಲ್ಲಿ ಎನ್ನುವುದು ನೆನಪಿರಲಿ. ನಿಮ್ಮ ಹೋಂಸ್ಟೇ ಹಿಂದಿನ ತೀರದಲ್ಲಿ ಮಕ್ಕಳಿಗೆ ನೀರಂಚಿನಿಂದ ಹತ್ತು ಹೆಜ್ಜೆ ಮೇಲೆ ಗುಂಡಿ ತೋಡಿಕೊಡಿ, ಬಕೆಟಿನಲ್ಲಿ ನೀರು ತಂದುಕೊಡಿ. ಗುಂಡಿ ಮಗುವಿನ ಮೊಣಕಾಲಿಗಿಂತ ಆಳ ಬೇಡ, ಮರಳಿನ ಗೋಡೆ ಕುಸಿದರೆ ಹೊರತೆಗೆಯುವುದು ಕಷ್ಟ. ಏಳುವಾಗ ಮುಚ್ಚಿಬಿಡಿ.

ಅದು ಮೀನುಗಾರರು ದುಡಿಯುವ ಜಾಗವೂ ಹೌದು. ದೋಣಿಯ ಮೇಲೆ ಚಪ್ಪಲಿ ಕಾಲಿಟ್ಟು ಹತ್ತುವುದು, ಒಣಗಲು ಹಾಕಿದ ಬಲೆಯನ್ನು ತುಳಿಯುವುದು ಅವರಿಗೆ ನೋವಿನ ವಿಷಯ. ಕೈರಂಪಣಿ, ಅಂದರೆ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದರೆ ಹಗ್ಗದ ಎರಡು ತುದಿಗಳ ನಡುವಿನ ನೀರಿಗೆ ಹೋಗಬೇಡಿ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಈ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಮೊಟ್ಟೆಯಿಡಲು ಬರುತ್ತವೆ. ಮರಳಿನ ಮೇಲೆ ಬೆಂಕಿ ಹಾಕುವುದು, ಕಾರು ಓಡಿಸುವುದು, ರಾತ್ರಿ ಟಾರ್ಚ್ ಆಡಿಸುವುದು ಬೇಡ. ನೀರಿನಿಂದ ಮೇಲಕ್ಕೆ ಬಂದು ಮರಳಿದ, ಎರಡೂ ಬದಿ ಕಾಲಿನ ಗುರುತಿರುವ ಎರಡು ಮೂರು ಅಡಿ ಅಗಲದ ಜಾಡು ಬೆಳಗ್ಗೆ ಕಂಡರೆ ಮಕ್ಕಳಿಗೆ ದೂರದಿಂದಲೇ ತೋರಿಸಿ, ಕೆದಕದೆ ಹೋಂಸ್ಟೇಯವರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ.